ಒಂದು ಜಾಕೆಟ್ ಹೆಚ್ಚಿಗೆ

ವಾಲ್‌ಬ್ರೂನ್, ಫ್ರಾನ್ಸ್
10 ಮಾರ್ಚ್ 2024

ಅತ್ತೆಗೆ ರಕ್ಷಾಳ ನಮಸ್ಕಾರ.

ಸುಖವಾಗಿ ತಲುಪಿದೆ. ಫೋನಿನಲ್ಲಿ ಕೂಗಿ ಹೇಳಿದ್ದು ನಿನಗೆ ಅರ್ಧವೂ ಕೇಳಿಸಿರಲಿಕ್ಕಿಲ್ಲ. ನಿನ್ನ ಕಿವಿಯ ಮಿಷನ್ನು ಸಿಳ್ಳೆ ಹಾಕಿದ್ದಷ್ಟೇ ನನಗೂ ಕೇಳಿಸಿತು. ಆದ್ದರಿಂದ ನಿನ್ನ ಕರಾರಿನಂತೆ ಕಾಗದ. ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿ ಕೂತವಳ ಕೈಯಲ್ಲಿ ಬೆಳೆದ ಮೇಲೆ ನನಗೆ ಬೇರೆ ದಾರಿ ಎಲ್ಲಿದೆ? ಇಲ್ಲಿಯ ಅಂಚೆ ಪೆಟ್ಟಿಗೆ ಹಳದಿ ಬಣ್ಣದ್ದು. ನಿನಗೆ ಮೈ ಉರಿಯಲಿ ಎಂದೇ ಮೊದಲು ಅದನ್ನು ಬರೆದೆ.

ವಾಲ್‌ಬ್ರೂನ್ ನಮ್ಮ ಹೊಸನಗರಕ್ಕಿಂತ ಚಿಕ್ಕ ಊರು. ಗುಡ್ಡದ ತಲೆಯಲ್ಲಿ ಮುರಿದ ಕೋಟೆ, ಕೆಳಗೆ ಎಂಟುನೂರು ವರ್ಷದ ಇಗರ್ಜಿ, ಹಿಂದೆ ಊರ ಹೆಂಗಸರೆಲ್ಲ ಸೇರಿ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ತೊಟ್ಟಿ. ಹಳೆಯ ರೈಲಿನ ಕಂಬಿ ಕಿತ್ತು ಸೈಕಲ್ ದಾರಿ ಮಾಡಿದ್ದಾರೆ. ಅಂಗಡಿಯವರು ಹನ್ನೆರಡಕ್ಕೆ ಬಾಗಿಲೆಳೆದುಕೊಂಡು ಉಣ್ಣಲು ಹೋದರೆ ಎರಡರವರೆಗೆ ದೇವರು ಬಂದರೂ ತೆರೆಯುವುದಿಲ್ಲ. ಬಂದವರಿಗೆ ಬೆಳಿಗ್ಗೆ ಕೋಟೆ ತೋರಿಸಿ, ಮಧ್ಯಾಹ್ನ ನೀರಿನಲ್ಲಿ ದೋಣಿ ಹತ್ತಿಸುತ್ತಾರೆ. ಇವೆರಡನ್ನೂ ಒಟ್ಟಿಗೆ ನಡೆಸುವುದು ಹೇಗೆಂದು ಕಲಿಯಲು ನನಗೆ ಮೂರು ತಿಂಗಳು. ಹೊಸನಗರದ ಪಕ್ಕದ ನಗರ ಊರಿನ ಕೋಟೆಯಲ್ಲಿ ಜನರನ್ನು ಸುತ್ತಾಡಿಸಿ, ಹಿನ್ನೀರಿನಲ್ಲಿ ಪೂರ್ಣೇಶನ ಜೊತೆ ದೋಣಿ ನಡೆಸುವ ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಶಾಲೆ ಸಿಗುವುದಿಲ್ಲ. ದೋಣಿಮನೆಯ ಒಡತಿ ಮಾರ್ಟೀನ್. ಊರೊಳಗಿನ ಅವಳ ಮನೆಯ ಮಾಳಿಗೆಯ ಕೋಣೆಯಲ್ಲಿ ನನ್ನ ವಾಸ.

ನೀರು ಅಂದೆನಲ್ಲ, ಅದು ಕೆರೆಯಲ್ಲ. 1952ರಲ್ಲಿ ಅಣೆಕಟ್ಟು ಕಟ್ಟಿ ಒಂದು ಹಳ್ಳಿಯನ್ನು ಮುಳುಗಿಸಿದ್ದಾರೆ. ಪ್ರವಾಸಿಗರು ದೋಣಿಯಿಂದ ಬಗ್ಗಿ 'ಚಾವಣಿ ಕಾಣುತ್ತಾ' ಎಂದು ಕೇಳುತ್ತಾರೆ. ಏಳು ಸಾವಿರ ಕಿಲೋಮೀಟರು ಬಂದೂ ಮತ್ತೆ ಮುಳುಗಡೆಯ ನೀರಿನ ಮೇಲೇ ಕೂತಿದ್ದೇನೆ ನೋಡು.

ಹೊರಡುವ ದಿನ ನಾನು ಜೋರಾಗಿ ಮಾತಾಡಿದ್ದು ತಪ್ಪು. ಆದರೆ ಅತ್ತೆ, ಒಂಬತ್ತು ವರ್ಷದಿಂದ ದೋಣಿ ನಡೆಸುತ್ತಿದ್ದೇನೆ. ಸಾಗರದಿಂದ ಬಸ್ಸಿನಲ್ಲಿ ಒಂದು ಗಂಟೆ. ಒಂದು ಸಲ, ಒಂದೇ ಒಂದು ಸಲ ನೀನು ನನ್ನ ದೋಣಿ ಹತ್ತಲಿಲ್ಲ. ಏಳು ವರ್ಷದವಳಿದ್ದಾಗಿನಿಂದ ನನ್ನನ್ನು ಸಾಕಿದ್ದು ನೀನು. ನನಗೆ ತೋರಿಸಬೇಕೆಂದು ಇರುವವಳೂ ನೀನೊಬ್ಬಳೇ. ಅದು ನೋಯುತ್ತದೆ.

ಕಾಗದವಾದರೂ ಮನೆಯಿಂದ ಎದ್ದು ಹೊರಟ ಹಾಗೇ, ಹೇಳದೆ ಮುಗಿಸಬಾರದು ಎಂದು ನೀನೇ ಕಲಿಸಿದ್ದು. ಹೇಳುತ್ತಿದ್ದೇನೆ.

ಹೋಗಿ ಬರ್ತೀನಿ, ಅತ್ತೆ.
ರಕ್ಷಾ


ಸಾಗರ
22 ಮಾರ್ಚ್ 2024

ರಕ್ಷಾ,

ನಿನ್ನ ಕಾಗದ ಹನ್ನೊಂದು ದಿನಕ್ಕೆ ಬಂತು. ಅವರ ಠಸ್ಸೆ ನೀಟಾಗಿದೆ, ನಮ್ಮವರದು ಎಂದಿನಂತೆ ಅರ್ಧ ಮಸಿ ಅರ್ಧ ಊಹೆ. ಹಳದಿ ಪೆಟ್ಟಿಗೆಗೆ ಹಾಕಿದ್ದೂ ಮುಟ್ಟುತ್ತದೆಂದು ಈಗ ಒಪ್ಪಿದೆ.

ಕೆಳಗಿನ ಮನೆ ಸೌಜನ್ಯ ದಿನಾ ಹತ್ತಿ ಬಂದು, 'ಫೋನಲ್ಲೇ ಫೋಟೋ ಹೊಡ್ದು ಕಳಿಸ್ತೀನಿ ಕೊಡಿ ಅಜ್ಜಿ, ಒಂದು ನಿಮಿಷದ ಕೆಲ್ಸ' ಅನ್ನುತ್ತಾಳೆ. ಒಂದು ನಿಮಿಷಕ್ಕೆ ಹೋಗುವ ಮಾತಿಗೆ ಒಂದು ನಿಮಿಷದ ಬೆಲೆ. ಕಾಗದಕ್ಕೆ ಹೊರಡುವ ದಿನ ಬೇರೆ, ಮುಟ್ಟುವ ದಿನ ಬೇರೆ. ಮುಟ್ಟುವ ತನಕ ಅದರೊಳಗಿನ ಮಾತು ಆಡಿದ್ದೂ ಅಲ್ಲ, ಕೇಳಿದ್ದೂ ಅಲ್ಲ. ತಾಳಗುಪ್ಪದಲ್ಲಿದ್ದಾಗ ಸೀತಾರಾಮಪ್ಪ ಅಂತ ಒಬ್ಬರು ಅಣ್ಣನನ್ನು ಬಾಯಿಗೆ ಬಂದಂತೆ ಬೈದು ಕಾಗದ ಹಾಕಿದ್ದರು. ಅದು ಊರು ಮುಟ್ಟುವ ಹೊತ್ತಿಗೆ ಅಣ್ಣ ಇರಲಿಲ್ಲ. 'ವಿಳಾಸದಾರರು ತೀರಿಕೊಂಡಿದ್ದಾರೆ' ಅಂತ ಷರಾ ಬಿದ್ದು ವಾಪಸ್ ಬಂತು, ನಾನೇ ಅವರ ಕೈಗೆ ಕೊಟ್ಟೆ. ಮನುಷ್ಯ ಕೌಂಟರಿನ ಮುಂದೆ ನಿಂತು ಅತ್ತೇಬಿಟ್ಟರು. 'ಬೈದಿದ್ದು ಮುಟ್ಲಿಲ್ವಲ್ಲ ಪೋಸ್ಟಮ್ಮ, ಬದುಕ್ಕಂಡೆ' ಅಂದರು. ಈ ಸೌಕರ್ಯ ನಿನ್ನ ಫೋನಿನಲ್ಲಿದೆಯಾ?

ಅಲ್ಲಿ ಚಳಿ ಇರುತ್ತದೆ, ಕಿವಿಗೆ ಬಟ್ಟೆ ಕಟ್ಟಿಕೋ. ಬರೀ ಬ್ರೆಡ್ಡು ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ನಾನು ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಊರಿಗೆಲ್ಲ ಹಂಚಬೇಡ.

ದೋಣಿಯ ವಿಷಯ ಬರೆದಿದ್ದೀಯ. ಒಲೆಯ ಮೇಲೆ ಹಾಲಿಟ್ಟಿದ್ದೇನೆ, ಉಕ್ಕುತ್ತದೆ.

ಹೋಗಿ ಬರ್ತೀನಿ, ಮಗಾ.
ಶರಾವತಿ


ವಾಲ್‌ಬ್ರೂನ್
5 ಏಪ್ರಿಲ್ 2024

ಅತ್ತೆ,

ನಿನ್ನ ಹಾಲು ಒಂಬತ್ತು ವರ್ಷದಿಂದ ಉಕ್ಕುತ್ತಲೇ ಇದೆ. ಇರಲಿ. ಇವತ್ತು ಬರೆಯುತ್ತಿರುವುದು ಬೇರೆ ವಿಷಯ. ನಗಬೇಡ, ಬೈಯಲೂ ಬೇಡ.

ಇಲ್ಲಿ ಸೋಲಾಂಜ್ ಎಂಬ ಅಜ್ಜಿ ಇದ್ದಳು, ತೊಂಬತ್ತೊಂದು ವರ್ಷ. ಮುಳುಗಿದ ಹಳ್ಳಿಯಲ್ಲಿ ಹುಟ್ಟಿದವರ ಪೈಕಿ ಉಳಿದವಳು ಅವಳೊಬ್ಬಳೇ. ನೀರಿಗೆ ಹೋಗುವ ದಾರಿಯ ಕೊನೆಯ ಮನೆ ಅವಳದು. ಎಪ್ಪತ್ತು ವರ್ಷ ಆ ದಂಡೆಯಲ್ಲೇ ಇದ್ದು ಒಂದು ದಿನವೂ ದೋಣಿ ಹತ್ತಲಿಲ್ಲವಂತೆ. ನಮ್ಮ ಅತ್ತೆಯ ಜೋಡಿ ಇಲ್ಲೂ ಒಂದಿದೆ ಅಂದುಕೊಂಡೆ, ಅವಳನ್ನು ನೋಡಬೇಕೆಂದು ಬಂದ ದಿನದಿಂದ ಮಾರ್ಟೀನ್‌ಗೆ ದುಂಬಾಲು ಬಿದ್ದಿದ್ದೆ. ಮೊನ್ನೆ ಬುಧವಾರ ಮಧ್ಯಾಹ್ನ ಮಾರ್ಟೀನ್, "ಸೋಲಾಂಜ್ ಮನೆಗೆ ಹೋಗುತ್ತಿದ್ದೇನೆ, ನೀನೂ ಬರುತ್ತೀಯಾ?" ಎಂದಳು. ಹೋದೆ.

ಅಡಿಗೆಮನೆಯಲ್ಲಿ ನಾಲ್ಕೈದು ಜನ ಮೆಲ್ಲಗೆ ಮಾತಾಡುತ್ತ ಕೂತಿದ್ದರು. ನೀಲಿ ಅಂಚಿನ, ಸ್ವಲ್ಪ ಚಕ್ಕೆ ಎದ್ದ ಬಟ್ಟಲಿನಲ್ಲಿ ನನಗೆ ಕಾಫಿ ಕೊಟ್ಟರು. ಇಲ್ಲಿ ಕೆಲವರು ಕಾಫಿಯನ್ನು ಬಟ್ಟಲಿನಲ್ಲೇ ಕುಡಿಯುತ್ತಾರೆ. ಆಮೇಲೆ ಮಾರ್ಟೀನ್ ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದಳು. ಕಿಟಕಿ ಮುಚ್ಚಿತ್ತು. ಮಂಚದ ಮೇಲೆ ಅಜ್ಜಿ ಮಲಗಿದ್ದಳು. ತಲೆ ಬಾಚಿದೆ, ಒಳ್ಳೆಯ ನೀಲಿ ಉಡುಪು, ಕಣ್ಣಿಗೆ ಕನ್ನಡಕ. ಊಟವಾಗಿ ಒರಗಿದ್ದಾಳೆ, ಎಬ್ಬಿಸುವುದು ಬೇಡ ಎಂದು ನಾನೂ ಸದ್ದು ಮಾಡಲಿಲ್ಲ. ಹೊರಡುವಾಗ ಹಿರಿಯಳಲ್ಲವೇ ಎಂದು ಕಾಲು ಮುಟ್ಟಿ ನಮಸ್ಕರಿಸಿದೆ. ಕಾಲು ತಣ್ಣಗಿತ್ತು. ಚಳಿದೇಶ ಅಂದುಕೊಂಡೆ. "ಹೋಗಿ ಬರ್ತೀನಿ, ಅಜ್ಜೀ" ಎಂದೆ. ನಮ್ಮ ಭಾಷೆಯಲ್ಲೇ ಹೇಳಿದೆ, ಬಾಯಿಗೆ ಬಂದದ್ದು ಅದೇ.

ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ನಿನ್ನೆ ಬೆಳಿಗ್ಗೆ ಮಾರ್ಟೀನ್ ಕಪ್ಪು ಕೋಟು ಇಸ್ತ್ರಿ ಮಾಡುತ್ತಿದ್ದಳು. ಯಾಕೆ ಎಂದೆ. ನನ್ನ ಮುಖವನ್ನೇ ನೋಡಿ, "ಸೋಲಾಂಜ್‌ಳ ಮಣ್ಣು ಇವತ್ತಲ್ಲವೇ? ಸೋಮವಾರ ರಾತ್ರಿ ಹೋದಳು. ನೀನೇ ನೋಡಿ ಬಂದೆಯಲ್ಲ" ಎಂದಳು.

ನಮ್ಮಲ್ಲಾದರೆ ಅಳು ಬೀದಿಗೆ ಕೇಳಿಸುತ್ತದೆ. ನೆಲದ ಮೇಲೆ ಮಲಗಿಸಿ ತಲೆಯ ಹತ್ತಿರ ದೀಪ ಇಟ್ಟಿರುತ್ತಾರೆ. ಸತ್ತವರು ಮಂಚದ ಮೇಲೆ ಕನ್ನಡಕ ಹಾಕಿಕೊಂಡು ಮಲಗುತ್ತಾರೆಂದು ನನಗೇನು ಗೊತ್ತು? ಸಾವಿನ ಮನೆಯಿಂದ ಹೇಳದೆ ಎದ್ದು ಬರಬೇಕು, 'ಬರ್ತೀನಿ' ಅನ್ನಬಾರದು ಎಂದು ನೀನು ನೂರು ಸಲ ಹೇಳಿದ್ದೀಯ. ನಾನು ಹೆಣದ ಕಾಲು ಹಿಡಿದು ಹೇಳಿ ಬಂದಿದ್ದೇನೆ. ಮೊದಲು ನಗು ಬಂತು. ಈಗ ಅಷ್ಟು ಬರುತ್ತಿಲ್ಲ.

ಹೋಗಿ ಬರ್ತೀನಿ, ಅತ್ತೆ. ಇದನ್ನು ನಿನಗೆ ಹೇಳಬಹುದು ತಾನೆ?
ರಕ್ಷಾ


ಸಾಗರ
17 ಏಪ್ರಿಲ್ 2024

ರಕ್ಷಾ,

ಹನ್ನೆರಡು ದಿನ. ಎರಡು ಸಲ ಓದಿದೆ.

ಸ್ನಾನ ಮಾಡದೆ ಉಂಡೆಯಲ್ಲ, ಅದು ದೊಡ್ಡದಲ್ಲ, ಬಿಡು. ಹೇಳಿದ್ದು ದೊಡ್ಡದು. ಅದಕ್ಕೆ ಏನು ಮಾಡಬೇಕೆಂದು ಕೇಳಬೇಡ, ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಎಂದೋ ಮಾಡುತ್ತಿದ್ದೆ.

ಆ ಮನೆಯ ಮುಂದೆ ಓಡಾಡಬೇಡ. ಒಬ್ಬಳೇ ನೀರಿಗೆ ಇಳಿಯಬೇಡ. ಯಾರಾದರೂ ಕರೆದರೆ, ಯಾರು ಕರೆದದ್ದೆಂದು ಮುಖ ನೋಡದೆ ಓಗೊಡಬೇಡ. ಮುದುಕಿಗೆ ಅರಳುಮರಳು ಎಂದು ನಗುತ್ತೀಯ, ನಗು. ನಗುತ್ತಲೇ ನಾನು ಹೇಳಿದಂತೆ ಕೇಳು.

ನೀರಿನಲ್ಲಿ ಏನಾದರೂ ಹೆಚ್ಚುಕಮ್ಮಿ ಕಂಡರೆ ತಕ್ಷಣ ಬರಿ, ಸಣ್ಣದೆಂದು ಬಿಡಬೇಡ.

ಹೋಗಿ ಬರ್ತೀನಿ, ಮಗಾ. ನನಗೆ ಹೇಳಬಹುದು. ನಾನಿದ್ದೇನೆ.
ಶರಾವತಿ


ವಾಲ್‌ಬ್ರೂನ್
21 ಏಪ್ರಿಲ್ 2024

ಅತ್ತೆ,

ನಿನ್ನ ಉತ್ತರ ಇನ್ನೂ ಮುಟ್ಟಿಲ್ಲ. ಕಾಯುವ ತಾಳ್ಮೆ ಇಲ್ಲದೆ ಬರೆಯುತ್ತಿದ್ದೇನೆ.

ನನ್ನ ಕೆಲಸದ ಕ್ರಮ ನಿನಗೆ ಗೊತ್ತಿಲ್ಲ, ನೀನು ನೋಡಿಲ್ಲವಲ್ಲ. ಲೈಫ್ ಜಾಕೆಟ್‌ಗಳಿಗೆ ನಂಬರು ಇರುತ್ತದೆ. ನಾನೇ ಎಣಿಸಿ ಕೊಡುತ್ತೇನೆ, ವಾಪಸ್ ಬಂದಾಗ ನಾನೇ ಎಣಿಸಿ ತಂತಿಯ ಮೇಲೆ ಹರವುತ್ತೇನೆ. ಹನ್ನೊಂದು ಹೋದರೆ ಹನ್ನೊಂದು ಒದ್ದೆಯಾಗಿರಬೇಕು. ಲೆಕ್ಕ ತಪ್ಪಿದರೆ ಯಾರೋ ನೀರಿನಲ್ಲಿದ್ದಾರೆಂದು ಅರ್ಥ. ಅದಕ್ಕೇ ಇದರಲ್ಲಿ ನಾನು ತಪ್ಪುವುದಿಲ್ಲ.

ಮೊನ್ನೆ ಶುಕ್ರವಾರ ಹನ್ನೊಂದು ಕೊಟ್ಟೆ. ಹನ್ನೆರಡು ಒದ್ದೆಯಾಗಿದ್ದವು. ಹನ್ನೆರಡನೆಯದು ಗೋಡೆಯ ಗೂಟದಿಂದ ಇಳಿದೇ ಇರಲಿಲ್ಲ, ಅಲ್ಲಿಂದಲೇ ನೀರು ತೊಟ್ಟಿಕ್ಕುತ್ತಿತ್ತು. ಮಾರ್ಟೀನ್ ತಲೆ ಎತ್ತಿ ಸೂರು ನೋಡಿ, "ಸೋರಿರಬೇಕು" ಎಂದಳು. ಅವತ್ತು ಮಳೆ ಇರಲಿಲ್ಲ. ಶನಿವಾರ ಆರು ಕೊಟ್ಟೆ, ಏಳು ಒದ್ದೆ. ಇವತ್ತು ಬೆಳಿಗ್ಗೆ ನೀರಿನ ಎಲ್ಲೆ ತೋರಿಸುವ ತೇಲುಗುಂಡುಗಳನ್ನು ಸರಿಮಾಡಲು ನಾನೊಬ್ಬಳೇ ಹೋಗಿದ್ದೆ. ಬಂದು ನೋಡಿದರೆ ಎರಡು.

ಆ ಎರಡನೆಯದನ್ನು ಮುಟ್ಟಿ ನೋಡಿದೆ. ಒಳಗಡೆ, ಬೆನ್ನು ತಾಗುವ ಕಡೆ, ಬೆಚ್ಚಗಿತ್ತು.

ಹೋಗಿ ಬರ್ತೀನಿ.
ರಕ್ಷಾ


ವಾಲ್‌ಬ್ರೂನ್
30 ಏಪ್ರಿಲ್ 2024

ಅತ್ತೆ,

ನಿನ್ನ ಹದಿನೇಳನೆಯ ತಾರೀಖಿನ ಕಾಗದ ಬಂತು. ನಾನು ನಗಲಿಲ್ಲ.

ಆ ಮನೆಯ ಮುಂದೆ ಹೋಗಬೇಡ ಎಂದಿದ್ದೀಯ. ನೀರಿಗೆ ಇರುವುದು ಅದೊಂದೇ ದಾರಿ. ಕಣ್ಣು ತಗ್ಗಿಸಿ ನಡೆಯುತ್ತಿದ್ದೆ. ನಿನ್ನೆ ತಡೆಯಲಿಲ್ಲ, ನೋಡಿದೆ. ಅಜ್ಜಿಯ ತಮ್ಮನ ಮಗ ಬೀಗ ಹಾಕಿ ಹೋಗಿ ಇಪ್ಪತ್ತು ದಿನವಾಯಿತು. ಅಡಿಗೆಮನೆ ಕಿಟಕಿಯ ಒಂದು ಬಾಗಿಲು ಅಂಗೈ ಅಗಲದಷ್ಟು ತೆರೆದಿತ್ತು. ಮೇಜಿನ ಮೇಲೆ ಎರಡು ಬಟ್ಟಲು. ಒಂದು ನೀಲಿ ಅಂಚಿನದು, ಚಕ್ಕೆ ಎದ್ದದ್ದು. ಅದರಿಂದ ಹಬೆ ಏಳುತ್ತಿತ್ತು.

ಇದನ್ನಾದರೂ ಹೇಗೋ ಸಹಿಸುತ್ತಿದ್ದೆ. ಇವತ್ತು ಬೆಳಿಗ್ಗೆ ಎಂಟೂವರೆಗೆ, ಬಿಸಿಲು ಬಂದಿತ್ತು, ನೀರಿನ ಮೇಲೆ ಮಾತ್ರ ತೆಳ್ಳಗೆ ಮಂಜು. ಒಬ್ಬಳೇ ಇಳಿಯಬೇಡ ಎಂದಿದ್ದೆ ನೀನು, ಆದರೆ ತೇಲುಗುಂಡೊಂದು ಹಗ್ಗ ಕಿತ್ತುಕೊಂಡು ಹೋಗಿತ್ತು, ಮಾರ್ಟೀನ್‌ಗೆ ಸೊಂಟನೋವು. ಹಳ್ಳಿ ಮುಳುಗಿದ ಜಾಗದ ಮೇಲೆ ಹೋಗುವಾಗ ಯಾರೋ ಕರೆದರು. ದಡದಿಂದಲ್ಲ, ಕೆಳಗಿನಿಂದ.

"ಶಾರೂ... ಬಂದ್ಯಾ?"

ಅತ್ತೆ, ಈ ಊರಲ್ಲಿ ಕನ್ನಡ ಬಲ್ಲವರು ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಅದು ಮುದುಕಿಯ ದನಿಯಲ್ಲ. ನನ್ನ ವಯಸ್ಸಿನ ಹೆಂಗಸಿನದು. ನಮ್ಮ ಕಡೆ ಜಗಲಿಗೆ ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕೇಳುತ್ತಾರಲ್ಲ, ಹಾಗೆ. ಸಿಟ್ಟಿಲ್ಲ, ಅವಸರವಿಲ್ಲ. ಎರಡು ಸಲ ಕರೆದಳು. ನಾನು ಓಗೊಡಲಿಲ್ಲ. ಓಗೊಡಲಿಲ್ಲ ಎಂದು ಹೇಳುತ್ತಿದ್ದೇನೆ, ಆದರೆ ನೋಡಿಕೊಂಡಾಗ ನನ್ನ ಎಡಗಾಲು ದೋಣಿಯ ಹೊರಗೆ ಮೊಣಕಾಲಿನ ತನಕ ನೀರಿನಲ್ಲಿತ್ತು. ಅದನ್ನು ಯಾವಾಗ ಇಳಿಸಿದೆನೋ ನನಗೆ ಗೊತ್ತಿಲ್ಲ.

ಹೆದರಿಕೆ ಆಗುತ್ತಿದೆ. ಇನ್ನೊಂದು ಸಲ ಕರೆದರೆ ಹೋಗಿಬಿಡುತ್ತೇನೇನೋ ಎಂದು ಹೆದರಿಕೆ.

ಶಾರು ಯಾರು? ನಿನ್ನನ್ನು ಜನ ಪೋಸ್ಟಮ್ಮ ಅನ್ನುತ್ತಾರೆ, ಶರಾವತಮ್ಮ ಅನ್ನುತ್ತಾರೆ. ಶಾರು ಎಂದು ಕರೆದವರನ್ನು ನಾನು ಕಂಡಿಲ್ಲ.

ಹೋಗಿ ಬರ್ತೀನಿ, ಅತ್ತೆ.
ರಕ್ಷಾ


ಸಾಗರ
9 ಮೇ 2024, ಗುರುವಾರ

ಮಗಾ,

ಒಂಬತ್ತೇ ದಿನ. ನಿನ್ನ ಯಾವ ಕಾಗದವೂ ಇಷ್ಟು ಬೇಗ ಬಂದದ್ದಿಲ್ಲ. ಯಾರಿಗೋ ಅವಸರವಿದೆ.

ನನ್ನದು ಹನ್ನೆರಡು ದಿನ ಕಾಯುವ ಹಾಗಿಲ್ಲ. ಆದ್ದರಿಂದ ಜೀವಮಾನದಲ್ಲಿ ಮೊದಲ ಸಲ ಕಾಗದವನ್ನು ಸೌಜನ್ಯಳ ಕೈಗೆ ಕೊಡುತ್ತಿದ್ದೇನೆ, ಫೋಟೋ ಹೊಡೆದು ಕಳಿಸುತ್ತಾಳೆ. ನನ್ನ ಮಾತು ನಾನೇ ಮುರಿದೆ, ಅವಳಿಗೆ ಭಾರೀ ಖುಷಿ.

ಶಾರು ನಾನು. ಹಾಗೆ ಕರೆಯುತ್ತಿದ್ದವಳು ನನ್ನ ಅಮ್ಮ ಒಬ್ಬಳೇ. ಅವಳು ಹೋದ ಮೇಲೆ ಅಪ್ಪಯ್ಯ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತದಂತೆ ಮಾಡಿದರು.

ಕಲ್ಲುಕೊಪ್ಪದಲ್ಲಿ ನಮ್ಮ ಮನೆಯಿತ್ತು. 1964, ನನಗೆ ಒಂಬತ್ತು ವರ್ಷ. ಮುಳುಗಡೆಯವರನ್ನೆಲ್ಲ ಎಬ್ಬಿಸುತ್ತಿದ್ದರು, ನಮ್ಮ ಸಾಮಾನು ಕಟ್ಟಿಯಾಗಿತ್ತು. ಲಾರಿ ಬರಲು ನಾಲ್ಕು ದಿನ ಇದೆ ಅನ್ನುವಾಗ ಅಮ್ಮ ಜ್ವರದಲ್ಲಿ ಹೋದಳು. ಜಗಲಿಯಲ್ಲಿ ಮಲಗಿಸಿದ್ದರು. ಮಕ್ಕಳು ಇರುವುದು ಬೇಡ ಎಂದು ನನ್ನನ್ನೂ, ತೊಟ್ಟಿಲ ಕೂಸಾಗಿದ್ದ ನಿನ್ನ ಅಪ್ಪನನ್ನೂ ಚಿಕ್ಕಮ್ಮ ಪಕ್ಕದ ಮನೆಗೆ ಹೊರಡಿಸಿದಳು. ಹೊಸಿಲು ದಾಟುವಾಗ ನಾನು ತಿರುಗಿ, ದಿನಾ ಶಾಲೆಗೆ ಹೋಗುವಾಗ ಹೇಳುತ್ತಿದ್ದ ಹಾಗೇ, "ಅಮ್ಮಾ, ಹೋಗಿ ಬರ್ತೀನಿ" ಅಂದೆ. ಅಜ್ಜಿ ಓಡಿ ಬಂದು ಬಾಯಿ ಮುಚ್ಚಿದಳು. ಅಷ್ಟರಲ್ಲಿ ಹೇಳಿಯಾಗಿತ್ತು. ನಾಲ್ಕನೆಯ ದಿನ ಲಾರಿ ಹತ್ತಿದೆವು, ಆ ಮಳೆಗಾಲಕ್ಕೆ ನೀರು ಬಂತು. ಬರ್ತೀನಿ ಅಂದವಳು ನಾನು ಹೋಗಲಿಲ್ಲ.

ಬೇಸಿಗೆಯಲ್ಲಿ ನೀರು ಇಳಿದಾಗ ಎಲ್ಲರೂ ತಮ್ಮ ಹಳೇ ಮನೆಯ ಅಡಿಪಾಯ, ಪಂಚಾಂಗದ ಕಲ್ಲು ನೋಡಲು ಹೋಗುತ್ತಾರೆ. ನಾನು ಅರವತ್ತು ವರ್ಷ ಆ ದಿಕ್ಕಿಗೆ ಮುಖ ಹಾಕಲಿಲ್ಲ. ನೀನು ದೋಣಿ ಕೆಲಸ ಹಿಡಿದಾಗ ಮೂರು ದಿನ ಮಾತು ಬಿಟ್ಟೆನಲ್ಲ, ಸಿಟ್ಟಿನಿಂದ ಅಲ್ಲ. ನಿನ್ನ ದೋಣಿ ಹತ್ತಲಿಲ್ಲ ಎಂದು ನೀನು ಅತ್ತ ದಿನ ನಾನೂ ಬಚ್ಚಲಿಗೆ ಹೋಗಿ ಅತ್ತೆ. ಹತ್ತಬೇಕು ಅಂತ ಆಸೆ ಇತ್ತು, ಮಗಾ. ನೀನು ಹುಟ್ಟು ಹಾಕುವುದನ್ನು ನೋಡಬೇಕಿತ್ತು. ಆದರೆ ನೀರು ಕಂಡರೆ ಅಲ್ಲಿ ಒಬ್ಬಳು ಬಾಗಿಲಲ್ಲಿ ನಿಂತೇ ಇದ್ದಾಳೆ ಅನ್ನಿಸುತ್ತದೆ. ಅವಳು ಹೋದಾಗ ಅವಳಿಗೆ ಮೂವತ್ತೊಂದು. ಈಗ ನಿನ್ನ ವಯಸ್ಸು.

ಮುಳುಗಡೆಯ ನೀರೆಲ್ಲ ತಳದಲ್ಲಿ ಒಂದೇ ಇರಬೇಕು. ನೀನು ಅಲ್ಲಿ ಹೇಳಿದ ಮಾತಿಗೆ ಇಲ್ಲಿಯ ಬಾಗಿಲು ತೆರೆಯಿತು. ಅವಳು ಕರೆಯುತ್ತಿರುವುದು ನಿನ್ನನ್ನಲ್ಲ, ನನ್ನನ್ನು. ಓಗೊಡಬೇಕಾದವಳೂ ನಾನು.

ಈಗ ನೀರು ತಳ ಹಿಡಿದಿದೆ. ಭಾನುವಾರ ಬೆಳಿಗ್ಗೆ ಪೂರ್ಣೇಶನ ದೋಣಿಯಲ್ಲಿ ಕಲ್ಲುಕೊಪ್ಪಕ್ಕೆ ಹೋಗುತ್ತೇನೆ. 'ಜಾಕೆಟ್ ಹಾಕ್ಕಂಡ್ರೆ ಮಾತ್ರ ಹತ್ತುಸ್ತೀನಿ ಶರಾವತಮ್ಮ' ಅಂತ ಅವನ ಹಟ. ಹಾಕಿಕೊಳ್ಳುತ್ತೇನೆ, ಸೀರೆಯ ಮೇಲೆ ಹೇಗೆ ಕಾಣುತ್ತದೋ. ನೀನು ಆ ಅಜ್ಜಿಗೆ ಕೊಟ್ಟ ಮಾತನ್ನೂ ಅಮ್ಮನ ಹತ್ತಿರವೇ ಹೇಳಿ ತೀರಿಸುತ್ತೇನೆ. ಚಿಕ್ಕವರ ಮಾತಿಗೆ ಹಿರಿಯರು ಹೋದರೆ ನಡೆಯುತ್ತದೆ. ಭಾನುವಾರ ಮುಗಿಯುವ ತನಕ ನೀನು ದಡ ಬಿಡಬೇಡ. ಆಮೇಲೆ ನೀನು ಎಂದಿನ ಹಾಗೆ ಇರು.

ಹೋಗಿ ಬರ್ತೀನಿ, ಮಗಾ.
ಶಾರು


ವಾಲ್‌ಬ್ರೂನ್
12 ಮೇ 2024, ಭಾನುವಾರ ಮಧ್ಯಾಹ್ನ ಹನ್ನೆರಡೂವರೆ

ಅತ್ತೆ! ಅತ್ತೆ!

ಒಂಬತ್ತಕ್ಕೆ ಒಂಬತ್ತು!

ನೀನು ಹೇಳಿದ ಹಾಗೆ ನೀರಿಗಿಳಿಯಲಿಲ್ಲ. ದಡದಲ್ಲೇ ನಿಂತು ಬೆಳಗಿನ ತಂಡಕ್ಕೆ ಒಂಬತ್ತು ಜಾಕೆಟ್ ಕೊಟ್ಟೆ, ಹನ್ನೊಂದೂವರೆಗೆ ಒಂಬತ್ತು ವಾಪಸ್ ಬಂದವು. ಗೂಟದ ಮೇಲಿದ್ದವು ಒಣಗಿವೆ. ಮೂರು ಸಲ ಎಣಿಸಿದೆ, ಮಾರ್ಟೀನ್‌ಳೂ ಒಂದು ಸಲ ಎಣಿಸಿದಳು. ಬರುವಾಗ ಆ ಮನೆಯ ಕಡೆ ನೋಡಿದೆ. ಕಿಟಕಿ ಭದ್ರವಾಗಿ ಮುಚ್ಚಿದೆ.

ನೀನು ಹೋಗಿ ಬಂದೆ ಎಂದು ಗೊತ್ತಾಯಿತು. ಪೂರ್ಣೇಶನಿಗೆ ಫೋನು ಹತ್ತುತ್ತಿಲ್ಲ, ಹಿನ್ನೀರಿನಲ್ಲಿ ಸಿಗ್ನಲ್ ಎಲ್ಲಿದೆ. ನೀನು ಈಗ ಮನೆಗೆ ಬಂದು ಕಾಲು ತೊಳೆದು ಕಾಫಿ ಕುಡಿಯುತ್ತಿರಬಹುದು. ಸೀರೆಯ ಮೇಲೆ ಜಾಕೆಟ್ ಹಾಕಿದ ಫೋಟೋ ತೆಗೆದಿಲ್ಲವಾದರೆ ಪೂರ್ಣೇಶನನ್ನು ಬಿಡುವುದಿಲ್ಲ.

ಶಾರು ಅಂತೆ! ನಾನೂ ಇನ್ನು ಹಾಗೇ ಕರೆಯುತ್ತೇನೆ. ಜೂನಿನಲ್ಲಿ ಬಂದ ಮೇಲೆ ನನ್ನ ದೋಣಿಯಲ್ಲಿ ನಿನ್ನನ್ನು ಕೂರಿಸಿಕೊಂಡು ಹೋಗುವುದು ಗ್ಯಾರಂಟಿ. ಈಗಲೇ ಹಳದಿ ಪೆಟ್ಟಿಗೆಗೆ ಹಾಕಿ ಬರುತ್ತೇನೆ.

ಹೋಗಿ ಬರ್ತೀನಿ, ಶಾರು ಅತ್ತೆ. ಬಂದೇ ಬರ್ತೀನಿ.
ರಕ್ಷಾ


ಸಾಗರ
27 ಮೇ 2024

ಅತ್ತೆ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಿನ್ನ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ.

ಆ ಭಾನುವಾರ ಪೆಟ್ಟಿಗೆಗೆ ಕಾಗದ ಹಾಕಿ ಬಂದು ಇನ್ನೂ ಊಟಕ್ಕೆ ಕೂತಿರಲಿಲ್ಲ, ಪೂರ್ಣೇಶನ ಫೋನು ಬಂತು. ಮಂಗಳವಾರ ನಾನು ಬಂದು ಮುಟ್ಟಿದೆ. ಅವನು ಇವತ್ತಿಗೂ ಸರಿಯಾಗಿ ಉಣ್ಣುತ್ತಿಲ್ಲ. "ನಾನು ದೋಣೀಲೇ ಇರ್ತೀನಿ, ನೀವು ನಿಧಾನಕ್ ಬನ್ನಿ ಅಂದೆ. ಒಬ್ರೇ ಇಳ್ದು ನಡ್ಕಂಡ್ ಹೋದ್ರು. ಪಂಚಾಂಗದ ಕಲ್ಲಿನ್ ಹತ್ರ ನಿಂತ್ಕಂಡು 'ಬಂದೇ' ಅಂತ ಜೋರಾಗಿ ಕೂಗಿದ್ರು. ನನ್ನೇ ಕರೆದ್ರೇನೋ ಅಂತ ಓಡಿದ್ನಲ್ಲ, ಅಷ್ಟ್ರಲ್ಲಿ ತುಳಸಿಕಟ್ಟೆಗೆ ಒರಗಿ ಕೂತಿದ್ರು. ಮುಖ ನಗ್ತಾ ಇದ್ದಂಗಿತ್ತು" ಎನ್ನುತ್ತಾನೆ. ಡಾಕ್ಟರು ಹೃದಯ ನಿಂತಿತು ಎಂದರು. ಅಲ್ಲಿ ನೆಲ ಒಣಗಿ ಬಿರುಕು ಬಿಟ್ಟಿದೆ, ನೀರು ಎರಡು ಫರ್ಲಾಂಗು ಆಚೆ. ನಿನ್ನ ಸೀರೆ ಮೊಣಕಾಲಿನ ತನಕ ಒದ್ದೆಯಾಗಿತ್ತು. ಅದನ್ನು ಅವನು ಡಾಕ್ಟರಿಗೆ ಹೇಳಿಲ್ಲ, ನನಗೆ ಮಾತ್ರ ಹೇಳಿದ.

ಅದು ನಡೆದದ್ದು ಇಲ್ಲಿಯ ಹನ್ನೊಂದು ಗಂಟೆಗೆ. ನಾನು ಆ ಕಾಗದ ಬರೆಯುವಾಗ ಇಲ್ಲಿ ನಾಲ್ಕಾಗಿತ್ತು. ಅಂದರೆ ಮತ್ತೆ ಅದೇ ತಪ್ಪು ಮಾಡಿದ್ದೆ. ಗೊತ್ತಿಲ್ಲದೆ, ನಗುನಗುತ್ತ, ಎರಡೆರಡು ಸಲ ಹೇಳಿದ್ದೆ. ಈ ಹದಿನೈದು ದಿನ ಅದೊಂದೇ ಯೋಚನೆ. ಅಂಚೆಯಣ್ಣ ಬೀದಿ ತಿರುಗಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಶನಿವಾರ ಬಂತು. ಹದಿಮೂರು ದಿನ, ನೀನಿದ್ದಿದ್ದರೆ ಮೂಗು ಮುರಿಯುತ್ತಿದ್ದೆ. ಅಂಚೆಯ ನಿಂಗಪ್ಪ ಬಾಗಿಲಲ್ಲಿ ನಿಂತು, "ಇದು ಅಮ್ಮೋರ ಹೆಸರಿಗೇ ಇದೆ ಕಣವ್ವ. ತಗಂತೀಯಾ?" ಎಂದ. ನನ್ನದೇ ಅಕ್ಷರ, ಹಳದಿ ಪೆಟ್ಟಿಗೆಯ ಠಸ್ಸೆ. ನಿಜ ಹೇಳುತ್ತೇನೆ, ಒಂದು ಕ್ಷಣ ಕೈ ಚಾಚಿದೆ. ತೆಗೆದುಕೊಂಡು ನಿನ್ನ ಫೋಟೋದ ಮುಂದೆ ಇಟ್ಟುಬಿಡೋಣ, ಆದದ್ದಾಗಲಿ, ನಿನ್ನ ಹತ್ತಿರ ಬಂದರೆ ಬಂದೆ ಅನ್ನಿಸಿತು. ಆಗ ಸೀತಾರಾಮಪ್ಪನವರು ನೆನಪಾದರು.

ನಿಂಗಪ್ಪನ ಪೆನ್ನು ಇಸಿದುಕೊಂಡೆ. ಕವರಿನ ಮೇಲೆ, ನೀನು ಬರೆಯುತ್ತಿದ್ದ ಹಾಗೇ ಗುಂಡಗೆ ಬರೆದೆ: 'ವಿಳಾಸದಾರರು ತೀರಿಕೊಂಡಿದ್ದಾರೆ. ಕಳಿಸಿದವರಿಗೆ ವಾಪಸ್.' ಬರೆಯುವಾಗ ಮೊದಲ ಸಲ ನೀನಿಲ್ಲವೆಂದು ನಂಬಿದೆ, ಅಲ್ಲೇ ಹೊಸಿಲ ಮೇಲೆ ಕೂತು ಅತ್ತೆ. ನಿಂಗಪ್ಪ ಕವರನ್ನು ಚೀಲಕ್ಕೆ ಹಾಕಿಕೊಂಡು ಹೇಳದೆ ಹೋದ. ಅದು ವಾಲ್‌ಬ್ರೂನಿಗೆ ಮುಟ್ಟಿದರೆ ಬಿಚ್ಚದೆ ಒಲೆಗೆ ಹಾಕು ಎಂದು ಮಾರ್ಟೀನ್‌ಗೆ ತಿಳಿಸಿದ್ದೇನೆ.

ನಿನ್ನೆ ನಿನ್ನ ಬೂದಿ ಬಿಡಲು ಕಲ್ಲುಕೊಪ್ಪಕ್ಕೆ ಹೋದೆವು. ನನ್ನ ದೋಣಿ. ನಾನು ಹುಟ್ಟು ಹಾಕಿದೆ, ಪೂರ್ಣೇಶ ಮುಂದೆ ಕೂತಿದ್ದ. ಇಬ್ಬರಿಗೂ ಒಂದೊಂದು ಜಾಕೆಟ್, ನಾನೇ ಎಣಿಸಿ ಕೊಟ್ಟದ್ದು. ಬರುವಾಗ ಗಾಳಿ ಇರಲಿಲ್ಲ, ಆದರೂ ದೋಣಿ ಒಂದು ಆಳು ಹೆಚ್ಚಿಗೆ ಕೂತ ಹಾಗೆ ಭಾರವಾಗಿತ್ತು. ಶೆಡ್ಡಿಗೆ ಬಂದು ತಂತಿಯ ಮೇಲೆ ಹರವಿದೆವು. ಪೂರ್ಣೇಶ ಒಂದು, ಎರಡು ಎಂದವನು ಗೂಟದ ಕಡೆ ಬೆರಳು ತೋರಿಸಿದ. ಅಲ್ಲಿ ಮೂರನೆಯದು ತೊಟ್ಟಿಕ್ಕುತ್ತಿತ್ತು. ಅವತ್ತು ಸೀರೆಯ ಮೇಲೆ ನೀನು ಹಾಕಿಕೊಂಡದ್ದು.

ಈ ಸಲ ನನಗೆ ಹೆದರಿಕೆಯಾಗಲಿಲ್ಲ. ಅದನ್ನು ತೆಗೆದು ಉಳಿದೆರಡರ ಪಕ್ಕ ಬಿಸಿಲಿಗೆ ಹರವಿದೆ. ಒಳಗೆ ಬೆಚ್ಚಗಿತ್ತು. ಕಡೆಗೂ ಹತ್ತಿದೆಯಲ್ಲ, ಅತ್ತೆ. ನಾನು ಹುಟ್ಟು ಹಾಕುವುದನ್ನು ನೋಡಿದೆಯಾ?

ನನ್ನ ಮಾತು ನಿನಗೆ ಮುಟ್ಟಲಿಲ್ಲ. ನಿನ್ನ ಒಂಬತ್ತನೆಯ ತಾರೀಖಿನ ಮಾತು ನನಗೆ ಮುಟ್ಟಿದೆ, ಫೋಟೋದಲ್ಲಾದರೂ ಮುಟ್ಟಿದೆ. ಇಲ್ಲಿಗೆ ಬಂದಾಗ ಕೈ ಅಭ್ಯಾಸದಂತೆ ಮುಂದಿನದನ್ನು ಬರೆಯಲು ಹೊರಟಿತ್ತು, ಹಿಡಿದುಕೊಂಡಿದ್ದೇನೆ. ನಾನು ಹೇಳುವುದಿಲ್ಲ. ನೀನು ಹೇಳಿ ಹೋಗಿದ್ದೀಯಲ್ಲ, ಅಷ್ಟು ಸಾಕು.

ರಕ್ಷಾ